ನೀಟ್ ರ‍್ಯಾಂಕ್ ಕೈಗೆ ಬಂದ ಮೇಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ನೀಟ್ ಫಲಿತಾಂಶ ಪ್ರಕಟವಾದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ‘ಸೀಟು ಸಿಗುತ್ತದೆಯೇ’ ಎಂಬ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತವೆ. ಅದನ್ನು ನಿರ್ಧರಿಸುವುದು ರ‍್ಯಾಂಕ್. ಅದರ ಮೇಲೆ ಈಗ ಯಾರ ಕೈಯೂ ಸಾಗದು. ಆದರೆ ಒಳ್ಳೆಯ ರ‍್ಯಾಂಕ್ ಇದ್ದೂ ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸುವ ಆಪ್ಷನ್ ಎಂಟ್ರಿಯಲ್ಲೋ, ಪ್ರಮಾಣಪತ್ರದಲ್ಲೋ, ಸುತ್ತಿನ ನಿಯಮದಲ್ಲೋ ಎಡವಿ ಸೀಟು ಕಳೆದುಕೊಳ್ಳುವುದು ತಪ್ಪಿಸಬಹುದಾದ ನಷ್ಟವಾದ್ದರಿಂದ, ಆ ವಿಷಯದ ಪತ್ರಗಳನ್ನೇ ಈ ಬಾರಿ ಆಯ್ದುಕೊಂಡಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಿ, ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ಮಗಳ ಫಲಿತಾಂಶದಲ್ಲಿ ‘ಕ್ವಾಲಿಫೈಡ್’ ಎಂದು ಬಂದಿದೆ. ಇನ್ನು ಸೀಟು ಖಚಿತ ಎಂದು ನೆಂಟರಿಷ್ಟರೆಲ್ಲ ಹೇಳುತ್ತಿದ್ದಾರೆ. ನಾವು 2ಎ ವರ್ಗದವರು. ಮಗಳು ಹತ್ತನೆಯ ತರಗತಿಯವರೆಗೆ ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ್ದಾಳೆ. ಮುಂದೆ ಎಲ್ಲಿ ಅರ್ಜಿ ಹಾಕಬೇಕು?
— ಒಬ್ಬ ತಂದೆ, ಹಾವೇರಿ ಜಿಲ್ಲೆ

ಉತ್ತರ: ಮೊದಲು ‘ಕ್ವಾಲಿಫೈಡ್’ ಎಂಬುದರ ಬೆಲೆ ಎಷ್ಟೆಂದು ನೋಡೋಣ. 2025ರಲ್ಲಿ ನೀಟ್ ಬರೆದವರು ಸುಮಾರು 22.09 ಲಕ್ಷ, ಅರ್ಹರಾದವರು ಸುಮಾರು 12.36 ಲಕ್ಷ, ದೇಶದ ಒಟ್ಟು ಎಂಬಿಬಿಎಸ್ ಸೀಟುಗಳು ಸರಿಸುಮಾರು 1.2 ಲಕ್ಷ. ಸಾಮಾನ್ಯ ವರ್ಗಕ್ಕೆ 50ನೇ ಪರ್ಸೆಂಟೈಲ್ (ಅಂದರೆ ಬರೆದವರಲ್ಲಿ ಅರ್ಧದಷ್ಟು ಜನರಿಗಿಂತ ಮೇಲಿರುವುದು), ಹಿಂದುಳಿದ ವರ್ಗ ಹಾಗೂ ಪರಿಶಿಷ್ಟರಿಗೆ 40ನೇ ಪರ್ಸೆಂಟೈಲ್ ಎಂಬುದು ಅರ್ಹತೆಯ ಗೆರೆ; ಆ ವರ್ಷ 720ಕ್ಕೆ ಕ್ರಮವಾಗಿ 144 ಮತ್ತು 113 ಅಂಕ ಪಡೆದವರೂ ಈ ಗೆರೆ ದಾಟಿದ್ದರು. ಆದ್ದರಿಂದ ಅದು ಕೌನ್ಸೆಲಿಂಗ್‌ಗೆ ಹೆಸರು ನೋಂದಾಯಿಸಲು ಸಿಕ್ಕ ಅನುಮತಿಯೇ ಹೊರತು ಸೀಟಿನ ಭರವಸೆಯಲ್ಲ. ನೆಂಟರ ಲೆಕ್ಕಕ್ಕಿಂತ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ತನ್ನ ಜಾಲತಾಣದಲ್ಲಿ ಹಾಕಿರುವ ಹಿಂದಿನ ವರ್ಷದ ಕಟ್‌ಆಫ್ ರ‍್ಯಾಂಕ್ ಪಟ್ಟಿ ನಿಮಗೆ ಹೆಚ್ಚು ಉಪಯುಕ್ತ. ಅದರಲ್ಲಿ ನೀವು ನೋಡಬೇಕಾದದ್ದು 2ಎ ವರ್ಗದ ಸಾಮಾನ್ಯ ಸೀಟುಗಳ 2ಎಜಿ ಕಾಲಂ ಒಂದನ್ನೇ ಅಲ್ಲ. ಗ್ರಾಮೀಣ ಅಭ್ಯರ್ಥಿಗಳ 2ಎಆರ್, ಕನ್ನಡ ಮಾಧ್ಯಮದವರ 2ಎಕೆ ಕಾಲಂಗಳನ್ನೂ ನೋಡಬೇಕು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ 15 ಶೇಕಡಾ, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5 ಶೇಕಡಾ ಸೀಟುಗಳು ವರ್ಗದೊಳಗೇ ಮೀಸಲಾಗಿರುವುದರಿಂದ ನಿಮ್ಮ ಮಗಳಿಗೆ ಎರಡೂ ಅನ್ವಯಿಸುತ್ತವೆ. ಆದರೆ ಅರ್ಜಿಯಲ್ಲಿ ಇವನ್ನು ಕೇಳಿರಬೇಕು, ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯವರ ಮೇಲು ಸಹಿ ಆಗಿರಬೇಕು. ಇವೆರಡೂ ಇಲ್ಲದೆ ದಾಖಲೆ ಪರಿಶೀಲನೆಯ ದಿನ ಬಾಯಿಮಾತಿನಲ್ಲಿ ಹೇಳಿದರೆ ನಡೆಯುವುದಿಲ್ಲ.

ಅರ್ಜಿ ಎರಡು ಕಡೆ ಹಾಕಬೇಕು. ಸರ್ಕಾರಿ ವೈದ್ಯಕೀಯ ಕಾಲೇಜುಗಳ 15 ಶೇಕಡಾ ಸೀಟುಗಳನ್ನು ಅಖಿಲ ಭಾರತ ಕೋಟಾದಡಿ ದೆಹಲಿಯ ಎಂಸಿಸಿ, ಅಂದರೆ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ, ಹಂಚುತ್ತದೆ. ಏಮ್ಸ್, ಜಿಪ್‌ಮರ್, ಕೇಂದ್ರೀಯ ವಿಶ್ವವಿದ್ಯಾಲಯಗಳು ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ, ಅಂದರೆ ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದ ಸಂಸ್ಥೆಗಳ, ಸೀಟುಗಳೂ ಅದರ ಕೈಯಲ್ಲೇ ಇವೆ. ನಮ್ಮ ಸರ್ಕಾರಿ ಕಾಲೇಜುಗಳ ಉಳಿದ 85 ಶೇಕಡಾ ಸೀಟುಗಳನ್ನೂ ಖಾಸಗಿ ಕಾಲೇಜುಗಳ ಸೀಟುಗಳನ್ನೂ ಕೆಇಎ ಹಂಚುತ್ತದೆ. ಹೀಗಾಗಿ ಮೈಸೂರು ವೈದ್ಯಕೀಯ ಕಾಲೇಜಿನ ಹೆಸರು ಎರಡೂ ಪಟ್ಟಿಗಳಲ್ಲಿ ಕಾಣಿಸಿದರೆ ಗಾಬರಿಯಾಗಬೇಡಿ. ಕಾಲೇಜು ಒಂದೇ, ಸೀಟುಗಳು ಬೇರೆ.

ಪ್ರಮಾಣಪತ್ರದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ನಾಡಕಚೇರಿಯಲ್ಲಿ ಪಡೆದ, ಆರ್‌ಡಿ ಸಂಖ್ಯೆ ಇರುವ 2ಎ ಪ್ರಮಾಣಪತ್ರ ಕೆಇಎಗೆ ಸಾಕು, ಎಂಸಿಸಿಗೆ ಸಾಲದು. ಅಲ್ಲಿ 2021-22ರಿಂದ ಹಿಂದುಳಿದ ವರ್ಗಕ್ಕೆ 27 ಶೇಕಡಾ ಮೀಸಲಾತಿ ಇದೆ, ಆದರೆ ಅದು ಕೇಂದ್ರದ ಒಬಿಸಿ ಪಟ್ಟಿಯಂತೆ, ಕೇಂದ್ರದ ನಮೂನೆಯಲ್ಲಿ ಪಡೆದ, ಕೆನೆಪದರದಲ್ಲಿಲ್ಲ ಎಂದು ದೃಢೀಕರಿಸಿದ ಪತ್ರಕ್ಕೆ ಮಾತ್ರ ಸಿಗುತ್ತದೆ. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಂಡು ತಹಶೀಲ್ದಾರರ ಕಚೇರಿಯಲ್ಲಿ ಆ ನಮೂನೆಗೆ ಈಗಲೇ ಅರ್ಜಿ ಕೊಡಿ. ಸೀಟು ಹಂಚಿಕೆಯಾದ ಮೇಲೆ ಓಡಾಡಲು ಸಿಗುವುದು ಕೆಲವೇ ದಿನ.

ಪ್ರಶ್ನೆ: ನನಗೆ 371(ಜೆ) ಪ್ರಮಾಣಪತ್ರವಿದೆ. ಎಂಸಿಸಿ ಮೊದಲ ಸುತ್ತಿನಲ್ಲಿ ಉತ್ತರ ಭಾರತದ ಒಂದು ಸರ್ಕಾರಿ ಕಾಲೇಜು ಸಿಕ್ಕಿದೆ. ಕೆಇಎ ಹಂಚಿಕೆ ಇನ್ನೂ ಆಗಿಲ್ಲ. ಹೋಗಿ ಸೇರಬೇಕೇ? ಸೇರದಿದ್ದರೆ ಎರಡೂ ಕೈ ತಪ್ಪುತ್ತದೆಯೇ?
— ವಿದ್ಯಾರ್ಥಿನಿ, ಸಿಂಧನೂರು

ಉತ್ತರ: ಇದು ಈ ಬಾರಿಯ ಪತ್ರಗಳಲ್ಲೇ ಹೆಚ್ಚು ಯೋಚಿಸಿ ಉತ್ತರಿಸಬೇಕಾದ ಪ್ರಶ್ನೆ. ಎಂಸಿಸಿಯ ಮೊದಲ ಸುತ್ತಿನಲ್ಲಿ ಸಿಕ್ಕ ಸೀಟಿಗೆ ಸೇರದೆ ಉಳಿದರೆ ದಂಡವಿಲ್ಲ, ನೋಂದಣಿಯ ವೇಳೆ ಕಟ್ಟಿದ ಠೇವಣಿಯೂ ಹೋಗುವುದಿಲ್ಲ. ಇದನ್ನು ‘ಫ್ರೀ ಎಕ್ಸಿಟ್’ ಎನ್ನುತ್ತಾರೆ. ಎರಡನೆಯ ಸುತ್ತಿನಲ್ಲಿ ಸೀಟು ಸಿಕ್ಕಿಯೂ ಸೇರದಿದ್ದರೆ ಠೇವಣಿ ಮುಟ್ಟುಗೋಲಾಗುತ್ತದೆ. ಅಖಿಲ ಭಾರತ ಕೋಟಾಕ್ಕೆ ಸಾಮಾನ್ಯ ವರ್ಗದವರು ಕಟ್ಟುವ ಠೇವಣಿ 10,000 ರೂಪಾಯಿ, ಮೀಸಲು ವರ್ಗದವರದು 5,000. ಡೀಮ್ಡ್ ಸೀಟುಗಳಿಗೂ ನೋಂದಾಯಿಸಿದ್ದರೆ ಅದು 2 ಲಕ್ಷ, ಆದ್ದರಿಂದ ಅಲ್ಲಿ ಪೆಟ್ಟು ಜೋರಾಗಿಯೇ ಬೀಳುತ್ತದೆ. ಮೂರನೆಯ ಸುತ್ತಿನಲ್ಲಿ ಸೇರಿದವರು ರಾಜೀನಾಮೆ ಕೊಡುವಂತಿಲ್ಲ. ಕೊನೆಗೆ ಉಳಿದ ಸೀಟುಗಳನ್ನು ಹಂಚುವ ಸ್ಟ್ರೇ ಸುತ್ತಿನಲ್ಲಿ ಸಿಕ್ಕ ಸೀಟಿಗೆ ಸೇರದವರು ಠೇವಣಿ ಕಳೆದುಕೊಳ್ಳುವುದಲ್ಲದೆ ಮುಂದಿನ ನೀಟ್‌ನಿಂದಲೂ ಹೊರಗಿರಬೇಕಾಗುತ್ತದೆ. ಸುತ್ತು ಮುಂದುವರಿದಂತೆ ನಿಯಮ ಬಿಗಿಯಾಗುತ್ತದೆ. ನೀವಿರುವುದು ಅತ್ಯಂತ ಸಡಿಲವಾದ ಹಂತದಲ್ಲಿ.

ಇನ್ನು ನಿಮ್ಮ ವಿಷಯ. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ 70 ಶೇಕಡಾ ಸೀಟುಗಳು ಆ ಭಾಗದ ಅಭ್ಯರ್ಥಿಗಳಿಗೆ ಮೀಸಲು, ರಾಜ್ಯದ ಉಳಿದೆಡೆ 8 ಶೇಕಡಾ. ರಾಯಚೂರಿನ ರಿಮ್ಸ್, ಬೀದರಿನ ಬ್ರಿಮ್ಸ್, ಕಲಬುರಗಿಯ ಜಿಮ್ಸ್, ಬಳ್ಳಾರಿ, ಕೊಪ್ಪಳ, ಯಾದಗಿರಿಯ ಸರ್ಕಾರಿ ಕಾಲೇಜುಗಳು, ಎಲ್ಲದರಲ್ಲೂ ನಿಮ್ಮ ಸ್ಪರ್ಧೆ ಬಹುಮಟ್ಟಿಗೆ ಏಳು ಜಿಲ್ಲೆಗಳ ಅಭ್ಯರ್ಥಿಗಳೊಂದಿಗೆ ಮಾತ್ರ. ಎಂಸಿಸಿಯಲ್ಲಿ ಈ ಮೀಸಲಾತಿಯೇ ಇಲ್ಲ. ದೇಶದ ಎಲ್ಲರೊಂದಿಗೆ ಸ್ಪರ್ಧಿಸಿ ಒಂದು ಸರ್ಕಾರಿ ಸೀಟು ಗಿಟ್ಟಿಸಿದ ರ‍್ಯಾಂಕ್ ಕೆಇಎಯಲ್ಲಿ, ಅದೂ ಈ ಪ್ರಮಾಣಪತ್ರದೊಂದಿಗೆ, ಸಾಮಾನ್ಯವಾಗಿ ಇನ್ನೂ ಒಳ್ಳೆಯ ಆಯ್ಕೆ ಕೊಡುತ್ತದೆ. ಹಿಂದಿನ ವರ್ಷ ನಿಮ್ಮ ವರ್ಗದ ‘ಎಚ್’ (ಕಲ್ಯಾಣ ಕರ್ನಾಟಕ) ಕಾಲಂನಲ್ಲಿ ರಿಮ್ಸ್‌ನ ಕೊನೆಯ ಸೀಟು ಯಾವ ರ‍್ಯಾಂಕ್‌ಗೆ ಹೋಯಿತೆಂದು ನೋಡಿ. ನಿಮ್ಮ ರ‍್ಯಾಂಕ್ ಅದಕ್ಕಿಂತ ಸಾಕಷ್ಟು ಮುಂದಿದ್ದರೆ ಸಾವಿರಾರು ಕಿಲೋಮೀಟರ್ ಪ್ರಯಾಣ ಮಾಡಿ ಸೇರುವ ಅಗತ್ಯ ನಮಗೆ ಕಾಣುತ್ತಿಲ್ಲ.

ಅಂತರ ತೀರ ಕಡಿಮೆಯಿದ್ದರೆ ಮಾತ್ರ ಸೇರಿ ಉಳಿಸಿಕೊಳ್ಳುವುದು ವಿವೇಕ. ಹಾಗೆ ಸೇರುವಾಗ ಎರಡು ಸಂಗತಿಗಳನ್ನು ಮರೆಯಬೇಡಿ. ಮೂಲ ದಾಖಲೆಗಳು ಆ ಕಾಲೇಜಿನಲ್ಲಿ ಉಳಿಯುತ್ತವೆ. ಕೆಇಎ ಸೀಟು ಸಿಕ್ಕ ಮೇಲೆ ಅವನ್ನು ಬಿಡಿಸಿಕೊಂಡು ಬರಲು ಎಷ್ಟು ದಿನ ಬೇಕೆಂದು ಮೊದಲೇ ಅಂದಾಜು ಮಾಡಿಕೊಳ್ಳಿ. ಬಿಡುವಾಗ ಬಿಳಿ ಹಾಳೆಯಲ್ಲಿ ಪತ್ರ ಬರೆದುಕೊಟ್ಟು ಬಂದರೆ ಅದು ರಾಜೀನಾಮೆಯಾಗುವುದಿಲ್ಲ. ಕಾಲೇಜು ಎಂಸಿಸಿಯ ಪೋರ್ಟಲ್‌ನಲ್ಲೇ ರಾಜೀನಾಮೆ ದಾಖಲಿಸಿ, ಅಲ್ಲಿಂದ ಮೂಡಿದ ಪತ್ರವನ್ನು ಮುದ್ರಿಸಿ ಕೊಡಬೇಕು, ಅದೂ ಗೊತ್ತುಪಡಿಸಿದ ದಿನಾಂಕದೊಳಗೆ. ಅದಿಲ್ಲದಿದ್ದರೆ ದಾಖಲೆಯಲ್ಲಿ ನೀವು ಆ ಕಾಲೇಜಿನ ವಿದ್ಯಾರ್ಥಿನಿಯಾಗಿಯೇ ಉಳಿಯುತ್ತೀರಿ. ಸೇರಿದವರ ಪಟ್ಟಿಯನ್ನು ಎಂಸಿಸಿ ಮತ್ತು ರಾಜ್ಯಗಳು ಪರಸ್ಪರ ಹಂಚಿಕೊಂಡು ಮುಂದಿನ ಸುತ್ತುಗಳಿಂದ ಅಂಥವರನ್ನು ಕೈಬಿಡುವುದರಿಂದ ಇದು ಬರೀ ಕಾಗದದ ತಕರಾರಲ್ಲ.

ಪ್ರಶ್ನೆ: ಆಪ್ಷನ್ ಎಂಟ್ರಿಯಲ್ಲಿ ಸಿಗಲಾರದ ಕಾಲೇಜುಗಳನ್ನು ಮೇಲೆ ಹಾಕಿದರೆ ಅವಕಾಶ ವ್ಯರ್ಥವಾಗುತ್ತದೆ, ಸಿಗುವಂಥದ್ದನ್ನೇ ಒಂದನೆಯದಾಗಿ ಹಾಕಿ ಎಂದು ಸೈಬರ್ ಸೆಂಟರ್‌ನವರು ಹೇಳುತ್ತಾರೆ. ನನ್ನ ವಿದ್ಯಾರ್ಥಿಗಳಿಗೆ ಏನು ಹೇಳಲಿ?
— ಪಿಯು ಉಪನ್ಯಾಸಕ, ತುಮಕೂರು

ಉತ್ತರ: ಸೈಬರ್ ಸೆಂಟರ್‌ನವರ ಮಾತು ಕೇಳಬೇಡಿ ಎಂದು ಹೇಳಿ. ಹಂಚಿಕೆಯ ತಂತ್ರಾಂಶ ಕೆಲಸ ಮಾಡುವ ಬಗೆ ತೀರ ಸರಳ. ಅದು ರ‍್ಯಾಂಕ್ ಕ್ರಮದಲ್ಲಿ ಒಬ್ಬೊಬ್ಬರನ್ನೇ ಎತ್ತಿಕೊಳ್ಳುತ್ತದೆ. ಆ ಅಭ್ಯರ್ಥಿಯ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬಂದು, ಅವರ ವರ್ಗಕ್ಕೆ ಸೀಟು ಉಳಿದಿರುವ ಮೊದಲ ಆಪ್ಷನ್ ಕೊಟ್ಟು ಮುಂದಿನವರತ್ತ ಹೋಗುತ್ತದೆ. ಒಬ್ಬ ವಿದ್ಯಾರ್ಥಿಗೆ ಬೆಂಗಳೂರು ವೈದ್ಯಕೀಯ ಕಾಲೇಜು, ಮೈಸೂರು, ಹಾಸನ, ಮಂಡ್ಯ ಎಂಬ ಕ್ರಮದಲ್ಲಿ ಆಸೆಯಿದೆ ಎಂದುಕೊಳ್ಳಿ. ಸರದಿ ಬಂದಾಗ ಬೆಂಗಳೂರು ಮುಗಿದಿರುತ್ತದೆ, ಮೈಸೂರಿನಲ್ಲಿ ಒಂದು ಸೀಟು ಉಳಿದಿರುತ್ತದೆ. ಆಸೆಯ ಕ್ರಮದಲ್ಲೇ ಬರೆದಿದ್ದರೆ ಮೈಸೂರು ಸಿಗುತ್ತದೆ. ಬೆಂಗಳೂರನ್ನು ಮೇಲೆ ಬರೆದದ್ದರಿಂದ ಏನೂ ನಷ್ಟವಾಗುವುದಿಲ್ಲ. ‘ಸಿಗುವಂಥದ್ದು’ ಎಂದು ಹಾಸನವನ್ನು ಮೇಲೆ ಬರೆದಿದ್ದರೆ ತಂತ್ರಾಂಶ ಹಾಸನ ಕೊಟ್ಟು ಕೈತೊಳೆದುಕೊಳ್ಳುತ್ತದೆ, ಮೈಸೂರಿನ ಸೀಟು ಅವನಿಗಿಂತ ಹಿಂದಿನ ರ‍್ಯಾಂಕಿನವರಿಗೆ ಹೋಗುತ್ತದೆ.

ಆದರೆ ಇಲ್ಲಿ ‘ಆಸೆ’ ಎಂಬುದರಲ್ಲಿ ಶುಲ್ಕವೂ ಸೇರಿರಬೇಕು. ನಿಜವಾದ ಅನಾಹುತಗಳು ಆಗುವುದು ಈ ಜಾಗದಲ್ಲೇ. ಒಂದೇ ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟು ಮತ್ತು ಖಾಸಗಿ ಕೋಟಾ ಸೀಟು ಬೇರೆ ಬೇರೆ ಆಪ್ಷನ್‌ಗಳಾಗಿರುತ್ತವೆ. ಸ್ಥೂಲವಾಗಿ ಹೇಳುವುದಾದರೆ ಖಾಸಗಿ ಕಾಲೇಜುಗಳಲ್ಲಿ 40 ಶೇಕಡಾ ಸರ್ಕಾರಿ ಕೋಟಾ, 40 ಶೇಕಡಾ ಖಾಸಗಿ ಕೋಟಾ, ಉಳಿದದ್ದು ಎನ್‌ಆರ್‌ಐ ಮತ್ತು ಆಡಳಿತ ಮಂಡಳಿ ಸೀಟುಗಳು. ಈಚಿನ ವರ್ಷಗಳಲ್ಲಿ ಸರ್ಕಾರಿ ಕಾಲೇಜಿನ ವಾರ್ಷಿಕ ಶುಲ್ಕ ಸುಮಾರು 60 ಸಾವಿರ ರೂಪಾಯಿ, ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟಿಗೆ ಸುಮಾರು ಒಂದೂವರೆ ಲಕ್ಷ, ಖಾಸಗಿ ಕೋಟಾ ಸೀಟಿಗೆ 10ರಿಂದ 12 ಲಕ್ಷದ ಆಸುಪಾಸು. ಕಾಲೇಜಿನ ಹೆಸರನ್ನಷ್ಟೇ ನೋಡಿ ಸಾಲಾಗಿ ಟಿಕ್ ಮಾಡುತ್ತಾ ಹೋದ ಹುಡುಗನಿಗೆ, ಕೆಳಗಿದ್ದ ಒಂದೂವರೆ ಲಕ್ಷದ ಸೀಟಿನ ಬದಲು ಮೇಲಿದ್ದ 12 ಲಕ್ಷದ ಸೀಟು ಹಂಚಿಕೆಯಾಗುವುದು ತಂತ್ರಾಂಶದ ತಪ್ಪಲ್ಲ. ಪ್ರತಿ ಆಪ್ಷನ್ ಎದುರಿಗಿರುವ ಶುಲ್ಕವನ್ನು ಜೋರಾಗಿ ಓದಿಸಿ. ಮನೆಯವರು ಕಟ್ಟಲಾಗದ ಮೊತ್ತವಿದ್ದರೆ ಆ ಆಪ್ಷನ್ ಪಟ್ಟಿಯಲ್ಲೇ ಇರಬಾರದು. ನಾಲ್ಕೂವರೆ ವರ್ಷದ ಕೋರ್ಸಿಗೆ ಬ್ಯಾಂಕ್ ಸಾಲ ಸಿಗುತ್ತದೆಯೇ ಎಂಬುದನ್ನು ಹಂಚಿಕೆಯ ನಂತರವಲ್ಲ, ಪಟ್ಟಿ ಬರೆಯುವ ಮೊದಲೇ ವಿಚಾರಿಸಬೇಕು.

ಕೆಇಎ ನಡೆಸುವ ಅಣಕು ಹಂಚಿಕೆಯನ್ನು ಹೆಚ್ಚಿನವರು ಕುತೂಹಲಕ್ಕೆ ನೋಡಿ ಬಿಟ್ಟುಬಿಡುತ್ತಾರೆ. ಅದು ಪಟ್ಟಿ ತಿದ್ದಿಕೊಳ್ಳಲು ಇರುವ ಅವಕಾಶ. ಅಣಕು ಹಂಚಿಕೆಯಲ್ಲಿ ಬಂದ ಸೀಟು ನೋಡಿ ವಿದ್ಯಾರ್ಥಿ ‘ಅಯ್ಯೋ, ಇದಾ’ ಎಂದರೆ ಆ ಆಪ್ಷನ್ ತಪ್ಪು ಜಾಗದಲ್ಲಿದೆ ಎಂದೇ ಅರ್ಥ.

ಪ್ರಶ್ನೆ: ಛಾಯ್ಸ್-2 ಮತ್ತು ಛಾಯ್ಸ್-3ರ ನಡುವೆ ವ್ಯತ್ಯಾಸ ಅರ್ಥವಾಗುತ್ತಿಲ್ಲ. ಎರಡರಲ್ಲೂ ಮುಂದಿನ ಸುತ್ತಿಗೆ ಹೋಗಬಹುದಲ್ಲವೇ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಹೋಗಬಹುದು, ಆದರೆ ಒಂದರಲ್ಲಿ ಸೀಟು ಇಟ್ಟುಕೊಂಡು, ಇನ್ನೊಂದರಲ್ಲಿ ಬಿಟ್ಟುಕೊಟ್ಟು. ಸೀಟು ಹಂಚಿಕೆಯಾದ ಮೇಲೆ ಕೆಇಎ ಕೇಳುವ ಆಯ್ಕೆಗಳಲ್ಲಿ ಛಾಯ್ಸ್-1 ಎಂದರೆ ಸಿಕ್ಕಿದ್ದು ಒಪ್ಪಿಗೆ, ಶುಲ್ಕ ಕಟ್ಟಿ ಸೇರುತ್ತೇವೆ ಎಂದು. ಛಾಯ್ಸ್-2ರಲ್ಲಿ ಸಿಕ್ಕ ಸೀಟು ನಿಮ್ಮದಾಗಿಯೇ ಉಳಿದು, ಅದಕ್ಕಿಂತ ಮೇಲಿನ ಆಪ್ಷನ್‌ಗಳನ್ನು ಮಾತ್ರ ಮುಂದಿನ ಸುತ್ತಿಗೆ ಪರಿಗಣಿಸುತ್ತಾರೆ. ಮೇಲಿನದು ಸಿಕ್ಕರೆ ಹಳೆಯ ಸೀಟು ತಾನಾಗಿಯೇ ರದ್ದಾಗುತ್ತದೆ, ಮತ್ತೆ ಅದೇ ಬೇಕೆಂದು ಕೇಳುವಂತಿಲ್ಲ. ಛಾಯ್ಸ್-3ರಲ್ಲಿ ಸಿಕ್ಕಿದ್ದನ್ನು ತಿರಸ್ಕರಿಸಿ ಮುಂದಿನ ಸುತ್ತಿಗೆ ಬರಿಗೈಯಲ್ಲಿ ಹೋಗುತ್ತೀರಿ. ಎರಡನೆಯ ಸುತ್ತಿನಲ್ಲಿ ಏನೂ ಸಿಗದಿದ್ದರೂ ಸರಿ, ಈ ಸೀಟಂತೂ ಬೇಡ ಎನ್ನುವವರಿಗೆ ಮಾತ್ರ ಅದು. ಎಂಬಿಬಿಎಸ್ ಸರ್ಕಾರಿ ಸೀಟು ಸಿಕ್ಕವರು ಊರು ದೂರವೆಂಬ ಕಾರಣಕ್ಕೆ ಛಾಯ್ಸ್-3 ಒತ್ತುವುದು ನಮ್ಮ ಅಭಿಪ್ರಾಯದಲ್ಲಿ ದುಡುಕು. ಛಾಯ್ಸ್-2ಕ್ಕೆ ಶುಲ್ಕ ಯಾವಾಗ, ಎಷ್ಟು ಕಟ್ಟಬೇಕೆಂಬ ನಿಯಮವನ್ನು ಆಯಾ ಸುತ್ತಿನ ಸೂಚನೆಯಲ್ಲೇ ಓದಿಕೊಳ್ಳಿ. ಹಿಂದಿನ ವರ್ಷ ಅಕ್ಕನೋ ಅಣ್ಣನೋ ಮಾಡಿದ್ದನ್ನು ಆಧಾರವಾಗಿಟ್ಟುಕೊಳ್ಳಬೇಡಿ.

ಪ್ರಶ್ನೆ: ನಮ್ಮೂರಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಕೆಇಎ ಪಟ್ಟಿಯಲ್ಲಿ ಕಾಣುತ್ತಿಲ್ಲ. ಪಟ್ಟಿ ಅಪೂರ್ಣವೇ?
— ಓದುಗ, ಬೆಳಗಾವಿ

ಉತ್ತರ: ಪಟ್ಟಿ ಸರಿಯಾಗಿಯೇ ಇದೆ. ಆ ಕಾಲೇಜು ಡೀಮ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದ್ದರಿಂದ ಅದರ ಸೀಟುಗಳನ್ನು ಹಂಚುವುದು ಎಂಸಿಸಿ. ಮಣಿಪಾಲ ಮತ್ತು ಮಂಗಳೂರಿನ ಕಸ್ತೂರ್ಬಾ ಕಾಲೇಜುಗಳು, ಮೈಸೂರಿನ ಜೆಎಸ್ಎಸ್, ವಿಜಯಪುರದ ಬಿಎಲ್‌ಡಿಇ, ಕೋಲಾರದ ದೇವರಾಜ ಅರಸು ಕಾಲೇಜುಗಳದ್ದೂ ಇದೇ ಕತೆ. ಮನೆಯ ಎದುರಿಗಿದ್ದರೂ ಕರ್ನಾಟಕದವರೆಂಬ ಆದ್ಯತೆ ಅಲ್ಲಿ ಸಿಗುವುದಿಲ್ಲ, ಮತ್ತು ವಾರ್ಷಿಕ ಶುಲ್ಕ ಅನೇಕ ಕಡೆ 20 ಲಕ್ಷ ದಾಟುತ್ತದೆ.

ಪ್ರಶ್ನೆ: ನಾವು ಮಂಜೇಶ್ವರದ ಕನ್ನಡಿಗರು. ಮಗ ಓದಿದ್ದು ಪೂರ್ತಿ ಕೇರಳದಲ್ಲೇ. ಕೆಇಎಯಲ್ಲಿ ಸರ್ಕಾರಿ ಸೀಟು ಕೇಳಬಹುದೇ?
— ಓದುಗ, ಕಾಸರಗೋಡು ಜಿಲ್ಲೆ

ಉತ್ತರ: ಸಾಮಾನ್ಯ ನಿಯಮದಂತೆ ಒಂದನೆಯ ತರಗತಿಯಿಂದ ದ್ವಿತೀಯ ಪಿಯುವರೆಗಿನ ಅವಧಿಯಲ್ಲಿ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿ, ಎಸ್‌ಎಸ್‌ಎಲ್‌ಸಿ ಅಥವಾ ದ್ವಿತೀಯ ಪಿಯು ಇಲ್ಲಿಯೇ ಪಾಸಾಗಿರಬೇಕು. ಆದರೆ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅವಕಾಶವಿದ್ದು, ಕಾಸರಗೋಡು, ಮಂಜೇಶ್ವರ, ಹೊಸದುರ್ಗ, ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಮುಂತಾದ ಗಡಿ ತಾಲ್ಲೂಕುಗಳು ಅದರ ವ್ಯಾಪ್ತಿಯಲ್ಲಿವೆ. ಇದಕ್ಕೆ ಮಾತೃಭಾಷೆ ಮತ್ತು ವಾಸದ ಪ್ರಮಾಣಪತ್ರದ ಜೊತೆಗೆ ಸಿಇಟಿ ಸಮಯದಲ್ಲಿ ಕೆಇಎ ನಡೆಸುವ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆದು ಪಾಸಾಗಿರಬೇಕು. ನೀಟ್ ಒಂದೇ ಸಾಕೆಂದು ಸಿಇಟಿ ಅರ್ಜಿಯನ್ನೇ ಹಾಕದೆ ಬಿಟ್ಟವರು ಈ ಪರೀಕ್ಷೆಯನ್ನು ತಪ್ಪಿಸಿಕೊಂಡಿರುತ್ತಾರೆ. ನಿಮ್ಮ ಮಗ ಅದನ್ನು ಬರೆದಿದ್ದಾನೆಯೇ ಎಂಬುದರ ಮೇಲೆ ಉತ್ತರ ನಿಂತಿದೆ. ಬರೆದಿಲ್ಲವಾದರೆ ಕೇರಳದ ರಾಜ್ಯ ಕೋಟಾ ಮತ್ತು ಎಂಸಿಸಿ ಇದ್ದೇ ಇವೆ; ಕರ್ನಾಟಕದ ಖಾಸಗಿ ಕಾಲೇಜುಗಳಲ್ಲಿ ಹೊರರಾಜ್ಯದವರಿಗೂ ತೆರೆದ ಸೀಟುಗಳಿಗೆ ಅವನು ಕೆಇಎಯಲ್ಲೇ ನೋಂದಾಯಿಸಬಹುದು, ಶುಲ್ಕ ಮಾತ್ರ ಖಾಸಗಿ ಕೋಟಾದ್ದು.

ಪ್ರಶ್ನೆ: ಲಾಗಿನ್ ಐಡಿ, ಪಾಸ್‌ವರ್ಡ್ ಕೊಡಿ, ಐದು ಲಕ್ಷ ಮುಂಗಡ ಕೊಡಿ, ಕೊನೆಯ ಸುತ್ತಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಮಾಡಿಸಿಕೊಡುತ್ತೇನೆ ಎಂದು ಒಬ್ಬರು ಹೇಳಿದ್ದಾರೆ. ನಂಬಬಹುದೇ?
— ಹೆಸರು ಬೇಡ ಎಂದವರು, ಬೆಂಗಳೂರು

ಉತ್ತರ: ಕೊಡಬೇಡಿ. ಖಾಸಗಿ ಕಾಲೇಜಿನ ಆಡಳಿತ ಮಂಡಳಿ ಸೀಟೂ ಎನ್‌ಆರ್‌ಐ ಸೀಟೂ ನೀಟ್ ರ‍್ಯಾಂಕ್ ಪ್ರಕಾರ ಕೆಇಎ ಮೂಲಕವೇ ಹಂಚಿಕೆಯಾಗುತ್ತವೆ, ಡೀಮ್ಡ್ ಸೀಟುಗಳು ಸ್ಟ್ರೇ ಸುತ್ತಿನವರೆಗೂ ಎಂಸಿಸಿ ಮೂಲಕ. ಕ್ಯಾಪಿಟೇಶನ್ ಶುಲ್ಕವನ್ನು, ಅಂದರೆ ಸೀಟಿಗಾಗಿ ನಿಗದಿತ ಶುಲ್ಕದ ಮೇಲೆ ವಸೂಲು ಮಾಡುವ ಹಣವನ್ನು, ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ 1984ರಿಂದಲೇ ಇದೆ. ಇಂಥವರು ಆಡುವ ಜೂಜು ಹೇಗಿರುತ್ತದೆಂದರೆ, ನಿಮ್ಮ ರ‍್ಯಾಂಕ್‌ಗೆ ಹೇಗೂ ಸೀಟು ಬಂದರೆ ‘ನಾನೇ ಮಾಡಿಸಿದ್ದು’ ಎನ್ನುತ್ತಾರೆ, ಬಾರದಿದ್ದರೆ ಫೋನ್ ಎತ್ತುವುದಿಲ್ಲ. ಲಾಗಿನ್ ಕೊಡುವುದು ಹಣ ಕೊಡುವುದಕ್ಕಿಂತ ಅಪಾಯ. 2024ರಲ್ಲಿ ಸೇರುವ ಉದ್ದೇಶವಿಲ್ಲದೆ ಸೀಟು ಹಿಡಿದಿಡುವ ಎಂಜಿನಿಯರಿಂಗ್ ಸೀಟು ಬ್ಲಾಕಿಂಗ್ ಪ್ರಕರಣ ಬಯಲಾದಾಗ ಅಭ್ಯರ್ಥಿಗಳ ಲಾಗಿನ್ ವಿವರಗಳ ದುರ್ಬಳಕೆಯೇ ಅದರ ತಿರುಳಾಗಿತ್ತು. ಈಗಾಗಲೇ ಕೊಟ್ಟಿದ್ದರೆ ಇಂದೇ ಪಾಸ್‌ವರ್ಡ್ ಬದಲಿಸಿ, ಒಟಿಪಿ ಬರುವ ಮೊಬೈಲ್ ಸಂಖ್ಯೆ ನಿಮ್ಮದೇ ಆಗಿದೆಯೇ ಎಂದು ನೋಡಿ, ಆಪ್ಷನ್ ಪಟ್ಟಿಯನ್ನು ತೆರೆದು ಒಂದೊಂದಾಗಿ ಪರಿಶೀಲಿಸಿ.

ಪ್ರಶ್ನೆ: ಇಲ್ಲಿ ಸೀಟು ಸಿಗುವ ಲಕ್ಷಣವಿಲ್ಲ. ವಿದೇಶಕ್ಕೆ ಕಳಿಸಿದರೆ ಕಡಿಮೆ ಖರ್ಚಿನಲ್ಲಿ ಆಗುತ್ತದೆ, ಈ ತಿಂಗಳೇ ತೀರ್ಮಾನಿಸಬೇಕು ಎನ್ನುತ್ತಿದ್ದಾರೆ.
— ಒಬ್ಬ ತಂದೆ, ಶಿವಮೊಗ್ಗ

ಉತ್ತರ: ಖರ್ಚಿನ ಲೆಕ್ಕಕ್ಕಿಂತ ಮೊದಲು 2021ರ ವಿದೇಶಿ ವೈದ್ಯಕೀಯ ಪದವೀಧರರ ನಿಯಮಾವಳಿಯನ್ನು ಇಟ್ಟುಕೊಂಡು ಆ ಕಾಲೇಜನ್ನು ಅಳೆಯಿರಿ. ಕೋರ್ಸ್ ಕನಿಷ್ಠ 54 ತಿಂಗಳದ್ದಿರಬೇಕು, ಬೋಧನೆ ಇಂಗ್ಲಿಷ್ ಮಾಧ್ಯಮದಲ್ಲಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಮುಗಿಸಿರಬೇಕು, ಆ ಪದವಿ ಆ ದೇಶದಲ್ಲಿಯೇ ವೈದ್ಯವೃತ್ತಿ ಮಾಡಲು ನೋಂದಣಿಗೆ ಅರ್ಹವಾಗಿರಬೇಕು. ಮರಳಿ ಬಂದ ಮೇಲೆ ವಿದೇಶಿ ಪದವೀಧರರಿಗಾಗಿ ನಡೆಸುವ ಅರ್ಹತಾ ಪರೀಕ್ಷೆಯಾದ ಎಫ್‌ಎಂಜಿಇಯಲ್ಲಿ 300ಕ್ಕೆ 150 ಅಂಕ ಪಡೆಯಬೇಕು, ಇಲ್ಲಿಯೂ ಇಂಟರ್ನ್‌ಶಿಪ್ ಮಾಡಬೇಕು. ಇವುಗಳಲ್ಲಿ ಒಂದು ಷರತ್ತು ತಪ್ಪಿದರೂ ಹಣವೂ ವರ್ಷಗಳೂ ಹೋಗುತ್ತವೆ. ಏಜೆಂಟರ ಕರಪತ್ರದಲ್ಲಿರುವುದನ್ನು ನಂಬದೆ ಪ್ರತಿ ಷರತ್ತಿಗೂ ಆ ವಿಶ್ವವಿದ್ಯಾಲಯದಿಂದಲೇ ಲಿಖಿತ ಉತ್ತರ ತರಿಸಿಕೊಳ್ಳಿ. ಈ ತಿಂಗಳೇ ಎಂಬ ಅವಸರಕ್ಕಂತೂ ಆಧಾರವಿಲ್ಲ. ವಿದೇಶದಲ್ಲಿ ಸೇರುವುದಕ್ಕೆ ನೀಟ್ ಅರ್ಹತೆ 3 ವರ್ಷ ಮಾನ್ಯವಾಗಿರುತ್ತದೆ, ಮತ್ತು ಕೆಇಎಯ ಕೊನೆಯ ಸುತ್ತುಗಳು ಇನ್ನೂ ಬಾಕಿ ಇವೆ.